ಒಂದು ಬೆರಳಿನ ಸೇಡು

ಕೆಲವರು ಹೊಟ್ಟೆಪಾಡಿಗೆ ಪಾಠ ಹೇಳುತ್ತಾರೆ, ಕೆಲವರು ಪುಣ್ಯಕ್ಕೆ ಹೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವುದು ಮೊದಲನೆಯ ಕಾರಣಕ್ಕೆ, ಸುಳ್ಳೇಕೆ ಹೇಳಲಿ. ನನ್ನ ಅಮ್ಮ ಮಾತ್ರ ಸೇಡಿಗೆ ಪಾಠ ಹೇಳಿದವಳು. ಮೂವತ್ತು ವರ್ಷ, ದಿನಾ ಸಂಜೆ ನಾಲ್ಕಕ್ಕೆ, ಬೀದಿಯ ಮಕ್ಕಳನ್ನೆಲ್ಲ ನಮ್ಮ ಮುಂದಿನ ಕೋಣೆಯ ನೆಲದ ಮೇಲೆ ಕೂರಿಸಿಕೊಂಡು, ಬಾಗಿಲು ಹಾರುಹೊಡೆದು, ಹೊಲಿಗೆ ಕಲಿಸಿದಳು. ಯಾವ ಮಗುವಿನಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ನೋಡಿದವರು ಎಂಥ ದೊಡ್ಡ ಮನಸ್ಸು ಎನ್ನುತ್ತಿದ್ದರು. ಆ ದೊಡ್ಡ ಮನಸ್ಸಿನ ತುಂಬ ಒಬ್ಬನೇ ಮನುಷ್ಯ ಕೂತಿದ್ದಾನೆ, ಅವನ ಮೇಲೆ ಹಲ್ಲು ಕಡಿಯುತ್ತಲೇ ಅಮ್ಮ ಪ್ರತಿ ಮಗುವಿನ ಕೈಗೂ ಸೂಜಿ ಕೊಡುತ್ತಾಳೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು.

ಆ ಮನುಷ್ಯ ನಮ್ಮ ಬೀದಿಯ ಕೋಟಿನ ಮಾಸ್ಟರ್. ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಅವರ ಅಂಗಡಿ. ಅಂಗಡಿಯ ಮಧ್ಯೆ ಒಂದು ಕಂದು ಬಣ್ಣದ ದಪ್ಪ ಪರದೆ. ಅಳತೆ ತೆಗೆಯುವುದು ಪರದೆಯ ಈಚೆ, ಬಟ್ಟೆ ಕತ್ತರಿಸುವುದು ಆಚೆ. ಕೆಲಸ ಕಲಿಯಲು ಬಂದವರು ಗುಂಡಿ ಹಾಕಬೇಕು, ಕಾಜಾ ಹೊಲಿಯಬೇಕು, ಇಸ್ತ್ರಿ ಪೆಟ್ಟಿಗೆ ಕಾಯಿಸಬೇಕು. ತಾವು ಕತ್ತರಿ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಮಾಸ್ಟರಿಗೆ ಟೀ ನೆನಪಾಗುತ್ತಿತ್ತು, ಯಾರು ಹತ್ತಿರವಿದ್ದರೋ ಅವರು ಟೀ ತರಲು ಓಡಬೇಕಿತ್ತು. "ಆ ಮನುಷ್ಯ ದಿನಕ್ಕೆ ಹದಿನೆಂಟು ಟೀ ಕುಡೀತಿದ್ದಿದ್ದು ಬಾಯಾರಿಕೆಗಲ್ಲ" ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅಮ್ಮ ಆ ಅಂಗಡಿಗೆ ಸೇರಿದಾಗ ಹದಿನೇಳು ವರ್ಷ. ಎರಡು ವರ್ಷ ಕಳೆದರೂ ಅವಳು ಅವರು ಒಂದೇ ಒಂದು ಕೋಟನ್ನು ಕತ್ತರಿಸುವುದನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಅವಳ ಅಣ್ಣನಿಗೆ, ಅಂದರೆ ನನ್ನ ಸೋದರಮಾವನಿಗೆ, ವಿಮಾ ಕಚೇರಿಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಮನೆಯಲ್ಲಿ ಕೋಟು ತೊಟ್ಟವರೇ ಇಲ್ಲ. ಅಣ್ಣನಿಗೆ ನಾನೇ ಕೋಟು ಹೊಲಿಯುತ್ತೇನೆ ಎಂದು ಅಮ್ಮ ಜಂಬ ಕೊಚ್ಚಿಕೊಂಡಳು. ಒಂದು ಮಧ್ಯಾಹ್ನ ಮಾಸ್ಟರ್ ಊಟಕ್ಕೆ ಹೋದಾಗ ಪರದೆಯೊಳಗೆ ನುಗ್ಗಿ, ಗೋಡೆಗೆ ನೇತುಹಾಕಿದ್ದ ರಟ್ಟಿನ ಮಾದರಿಗಳನ್ನು ಹಳೇ ಪತ್ರಿಕೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬಂದಳು. ಕದ್ದದ್ದೇ, ಅದನ್ನು ಅವಳು ಎಂದೂ ಅಲ್ಲಗಳೆದಿಲ್ಲ.

ಹನ್ನೊಂದು ದಿನ ಕೂತು ಕೋಟು ಹೊಲಿದಳು. ಮಾವ ನೆಟ್ಟಗೆ ನಿಂತರೆ ಕೋಟು ರಾಜನ ಹಾಗಿತ್ತು. ಸಂದರ್ಶನದಲ್ಲಿ ಯಾರೋ ಮೇಲಿನ ಕಪಾಟಿನಿಂದ ಒಂದು ಫೈಲು ತೆಗೆದುಕೊಡಿ ಎಂದರಂತೆ. ಮಾವ ಕೈ ಎತ್ತಿದ. ಕೈಯ ಜೊತೆಗೆ ಇಡೀ ಕೋಟೇ ಮೇಲೆದ್ದು ಕಾಲರು ಕಿವಿ ಮುಚ್ಚಿತು, ಕೆಳಗೆ ಅಂಗಿಯ ಚುಂಗು ಹೊರಗೆ ಬಂತು. "ಮೊದ್ಲು ನೀವು ಕೋಟಿನಿಂದ ಹೊರಗೆ ಬನ್ನಿ, ಆಮೇಲೆ ಮಾತಾಡೋಣ" ಎಂದರಂತೆ ಒಬ್ಬರು. ಮಾವ ಹೊರಗೆ ಬಂದವನು ಬಂದೇಬಿಟ್ಟ. ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿ ಅಲ್ಲೇ ಮುದುಕನಾದ. ಈ ಕತೆಯನ್ನು ಅವನು ಕೈಯೆತ್ತಿ ಅಭಿನಯಿಸಿ ತೋರಿಸಿ ನಮ್ಮನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಾನೆ. ಅಮ್ಮ ಮಾತ್ರ ಅಷ್ಟು ಹೊತ್ತೂ ಅಡುಗೆಮನೆಯಲ್ಲಿರುತ್ತಾಳೆ.

ಮರುದಿನ ಅಮ್ಮ ಆ ಕೋಟು ಹಿಡಿದುಕೊಂಡು ಮಾಸ್ಟರ್ ಮುಂದೆ ನಿಂತಳು.

"ತಪ್ಪಾಯ್ತು ಮಾಸ್ಟರ್. ಕದ್ದು ಬರ್ಕೊಂಡೆ. ಬೇಕಾದ್ರೆ ಕೆಲಸದಿಂದ ತೆಗೀರಿ. ಆದ್ರೆ ಇದು ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಅದೊಂದು ಹೇಳಿ."

ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ಅಮ್ಮ ಮರೆತುಬಿಡುತ್ತಿದ್ದಳೋ ಏನೋ. ಅಂಗಡಿಯಲ್ಲಿದ್ದ ಗಿರಾಕಿಗಳನ್ನೂ ಕೆಲಸದವರನ್ನೂ ಹತ್ತಿರ ಕರೆದರು. ಆ ಕೋಟನ್ನು ಅಮ್ಮನಿಗೇ ಹಾಕಿಸಿದರು. "ಕೈ ಎತ್ತು" ಎಂದರು. ಅವಳು ಎತ್ತಿದಳು. "ಇನ್ನೂ ಮೇಲೆ." ಅಂಗಡಿಯೆಲ್ಲ ಗೊಳ್ಳೆಂದಿತು. "ಯಾಕೆ ಅಂತ ಕೇಳೋಕೆ ನೀನ್ಯಾರು? ನನ್ನ ವಿದ್ಯೆ ನನ್ನ ಜೊತೆ ಬಂತು, ನನ್ನ ಜೊತೆಗೇ ಹೋಗತ್ತೆ" ಎಂದು ಹೇಳಿ ಕೈಗಳು ಇನ್ನೂ ಮೇಲಿದ್ದ ಹಾಗೆಯೇ ಅವಳನ್ನು ಹೊರಗೆ ಕಳಿಸಿದರು. ಅಂಗಡಿಯ ಮೆಟ್ಟಿಲ ಮೇಲೆ ಮಾಸ್ಟರ ಆರು ವರ್ಷದ ಮಗ ಕೂತು ಕಾಲು ಕುಣಿಸುತ್ತ ನಗುತ್ತಿದ್ದನಂತೆ. ಅವನನ್ನೂ ಅಮ್ಮ ಮರೆಯಲಿಲ್ಲ.

ಆಮೇಲೆ ಅಮ್ಮನಿಗೆ ಮದುವೆಯಾಯಿತು, ನಾನು ಹುಟ್ಟಿದೆ. ಅಪ್ಪನ ಮನೆ ಇದ್ದದ್ದೂ ಅದೇ ಬೀದಿಯಲ್ಲಿ, ಅವಳ ದುರದೃಷ್ಟಕ್ಕೋ ಮಾಸ್ಟರ ದುರದೃಷ್ಟಕ್ಕೋ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಹಳೇ ಬಟ್ಟೆ ಮಾರುವವನಿಗೆ ಒಂದು ಮಾತು ಹೇಳಿಟ್ಟಿದ್ದಳು: ಒಳಗೆ ಆ ಮಾಸ್ಟರ ಚೀಟಿ ಇರುವ ಕೋಟು ಯಾವುದೇ ಸಿಗಲಿ, ಹರಿದಿರಲಿ, ಹುಳ ತಿಂದಿರಲಿ, ಮೊದಲು ನನ್ನ ಹತ್ತಿರ ತಾ. ಹಾಗೆ ಆರು ವರ್ಷದಲ್ಲಿ ಏಳು ಕೋಟು ಸಿಕ್ಕವು. ಒಂದೊಂದನ್ನೂ ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆಯಂತೆ ಬಿಚ್ಚಿದಳು. ನನ್ನ ಬಾಲ್ಯದ ಮಧ್ಯಾಹ್ನಗಳೆಂದರೆ ಅಮ್ಮನ ಬೆನ್ನು, ಕಿಟಕಿಯ ಬೆಳಕು, ದಾರ ಕಿತ್ತುಬರುವ ಪಟ್ ಪಟ್ ಸದ್ದು.

ಬಿಚ್ಚಿದ ತುಂಡುಗಳನ್ನು ತಾನು ಅಂದು ಕದ್ದು ತಂದ ಪತ್ರಿಕೆಯ ಮಾದರಿಯ ಮೇಲಿಟ್ಟು ನೋಡಿದಳು. ಎಲ್ಲ ಗೆರೆಗಳೂ ಹೊಂದುತ್ತಿದ್ದವು, ಕಂಕುಳ ಒಂದನ್ನು ಬಿಟ್ಟು. ಏಳೂ ಕೋಟುಗಳಲ್ಲಿ ಕಂಕುಳ ಮಾದರಿಗಿಂತ ಒಂದು ಬೆರಳು ಮೇಲಿತ್ತು. ಕಂಕುಳ ಕೆಳಗೆ ಇಳಿದಿದ್ದರೆ ಕೈ ಎತ್ತಿದಾಗ ಇಡೀ ಕೋಟೇ ಜೊತೆಗೆ ಏಳುತ್ತದೆ. ಅಂದರೆ ಮಾಸ್ಟರ್ ರಟ್ಟನ್ನೇ ಸುಳ್ಳಾಗಿ ಕತ್ತರಿಸಿ ಗೋಡೆಗೆ ನೇತುಹಾಕಿದ್ದರು. ತಾವು ಕತ್ತರಿ ಹಾಕುವಾಗ ಮಾತ್ರ ಮನಸ್ಸಿನಲ್ಲಿ ಒಂದು ಬೆರಳು ಮೇಲೆತ್ತಿಕೊಳ್ಳುತ್ತಿದ್ದರು. ಕದ್ದವರು ಹಾಳಾಗಲಿ ಎಂದು ಹಾಕಿದ್ದ ಬೋನು ಅದು, ಬಿದ್ದವನು ನನ್ನ ಮಾವ. ಅದು ತಿಳಿದ ದಿನ ಅಮ್ಮ ಅಳಲಿಲ್ಲ, ಎದ್ದು ಬೀದಿಯ ಬಾಗಿಲು ತೆರೆದಳು.

"ದೊಡ್ಡೋರಿಗೆ ಹೇಳಿಕೊಟ್ರೆ ಅವರೂ ಬಚ್ಚಿಟ್ಕೋತಾರೆ. ಮಕ್ಕಳ ಹೊಟ್ಟೇಲಿ ಮಾತು ನಿಲ್ಲಲ್ಲ. ಮಕ್ಕಳಿಗೇ ಹೇಳ್ತೀನಿ" ಎಂದಳು.

ಅಮ್ಮನ ಶಾಲೆ ಶುರುವಾದದ್ದು ಹೀಗೆ. ಕೋಟಿನ ಗುಟ್ಟು ಬೀದಿಗೆ ಬೀಳಬೇಕು, ಅಷ್ಟೇ ಅವಳ ಉದ್ದೇಶ. ಆದರೆ ಬಂದ ಮಕ್ಕಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. "ನಿಮ್ಮ ಸ್ಕೂಲಲ್ಲಿ ಏನು ಕಡೀತಾರೆ? ಪಿನ್ನು ಚುಚ್ಕೊಂಡು ಬರೋ ಈ ಹುಡುಗನಿಗೆ ಸಮುದ್ರಗಳ ಹೆಸರೆಲ್ಲ ಬರತ್ತೆ, ಪ್ಯಾಂಟಿನ ಗುಂಡಿ ಹಾಕೋಕೆ ಬರಲ್ಲ" ಎಂದು, ನಾನು ಟೀಚರ್ ಆದ ಮೇಲೆ, ನನ್ನ ಮೇಲೆ ಹಾರಾಡುತ್ತಿದ್ದಳು, ಇಡೀ ಶಿಕ್ಷಣ ಇಲಾಖೆ ನನ್ನ ಜೇಬಿನಲ್ಲಿದೆಯೇನೋ ಎಂಬಂತೆ. ಒಮ್ಮೆ ನಾನು ನಮ್ಮ ಹೆಡ್‌ಮಾಸ್ಟರ್ ಹತ್ತಿರ ಈ ವಿಷಯ ಎತ್ತಿದೆ. ಪರೀಕ್ಷೆಯಲ್ಲಿ ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಅಮ್ಮನ ಶಾಲೆಯಲ್ಲಿ ಮೊದಲ ತಿಂಗಳು ಹೊಲಿಗೆಯೇ ಇಲ್ಲ, ಬರೀ ಬಿಚ್ಚುವುದು. ಹಳೇ ಅಂಗಿ ಕೈಗೆ ಕೊಟ್ಟು, ಬಟ್ಟೆ ಹರಿಯದ ಹಾಗೆ ಬಿಚ್ಚು ಎನ್ನುತ್ತಿದ್ದಳು. ಮಕ್ಕಳು ಸಿಟ್ಟಾಗುತ್ತಿದ್ದರು, ಅಳುತ್ತಿದ್ದರು, ಆಮೇಲೆ ಕೈ ಹದಕ್ಕೆ ಬರುತ್ತಿತ್ತು. ತನ್ನ ತಪ್ಪನ್ನು ತಾನೇ ಕೂತು ಬಿಚ್ಚಲು ಬಂದ ಮೇಲೆಯೇ ಸೂಜಿ. ಹುಡುಗ ಹುಡುಗಿ ಎಂಬ ಭೇದವಿಲ್ಲ. ಯಾಕೆ ಎಂದು ಕೇಳಿದ ಮಗುವಿಗೆ ಎಷ್ಟು ಹೊತ್ತಾದರೂ ಉತ್ತರ ಸಿಗುತ್ತಿತ್ತು. ತನಗೆ ಗೊತ್ತಿದ್ದದ್ದನ್ನು ಪಕ್ಕದವರಿಗೆ ಹೇಳದ ಮಗುವಿಗೆ ಮಾತ್ರ ಬಾಗಿಲು ತೋರಿಸುತ್ತಿದ್ದಳು. ಅಲ್ಲಿ ಕಲಿತವರೆಲ್ಲ ದರ್ಜಿಗಳಾಗಲಿಲ್ಲ. ಒಬ್ಬ ಲಾರಿ ಓಡಿಸುತ್ತಾನೆ, ಸೀಟಿನ ಕವರು ತಾನೇ ಹೊಲಿಯುತ್ತಾನೆ. ಒಬ್ಬಳು ಸರ್ಜನ್ ಆಗಿ ಮನುಷ್ಯರನ್ನೇ ಹೊಲಿಯುತ್ತಿದ್ದಾಳೆ. ಅವರ ಬಗ್ಗೆ ಅಮ್ಮನಿಗೆ ಹೆಮ್ಮೆ ಇತ್ತು, ಆದರೆ ಹೊಟ್ಟೆ ತಣ್ಣಗಾಗಿರಲಿಲ್ಲ. ಏಕೆಂದರೆ ನಾಲ್ಕು ಬಾಗಿಲು ಆಚೆ ಪರದೆ ಇನ್ನೂ ನೇತಾಡುತ್ತಿತ್ತು. ಬೀದಿಯ ಮಕ್ಕಳಿಗೆಲ್ಲ ಗುಟ್ಟು ಗೊತ್ತಾದರೂ ದೊಡ್ಡ ಮನುಷ್ಯರು ಕೋಟಿಗೆ ಮಾಸ್ಟರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಮ್ಮನ ಮಾತು ಬಂದರೆ ಮಾಸ್ಟರ್ "ಮಕ್ಕಳಾಟ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು, ಅವರ ಮಗನೂ ಅದನ್ನೇ ನಂಬಿದ್ದ.

ಹೋದ ವರ್ಷ ಮಾಸ್ಟರಿಗೆ ಲಕ್ವ ಹೊಡೆಯಿತು. ಎಂಬತ್ತೈದು ವರ್ಷ. ಬಲಗೈ, ಬಲಗಾಲು ಹೋಯಿತು, ಜೊತೆಗೆ ಮಾತೂ ಹೋಯಿತು. ಬುದ್ಧಿ ಚುರುಕಾಗಿಯೇ ಉಳಿಯಿತು. ಅಂಗಡಿ ಮಗನ ಕೈಗೆ ಬಂತು. ಅವನನ್ನು ಎಲ್ಲರೂ ಸಣ್ಣ ಮಾಸ್ಟರ್ ಎನ್ನುತ್ತಾರೆ, ಐವತ್ತಾದರೂ ಸಣ್ಣವನೇ. ಅಷ್ಟು ವರ್ಷ ಅವನು ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುತ್ತ, ಗಿರಾಕಿಗಳಿಗೆ ಕುರ್ಚಿ ಹಾಕುತ್ತ ಇದ್ದವನು. ಬಂದ ಮೊದಲ ದೊಡ್ಡ ಕೆಲಸ ಬ್ಯಾಂಡಿನವರದು, ಇಪ್ಪತ್ತೆರಡು ಕೆಂಪು ಕೋಟು. ಅವನು ಗೋಡೆಯ ಮೇಲಿನ ರಟ್ಟು ಇಳಿಸಿ, ಬಟ್ಟೆಯ ಮೇಲಿಟ್ಟು, ಗೆರೆ ಎಳೆದು, ಇಪ್ಪತ್ತೆರಡನ್ನೂ ಒಟ್ಟಿಗೆ ಕತ್ತರಿಸಿದ. ಅವನ ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಎಡಗೈಯ ಒಂದು ಬೆರಳೆತ್ತಿ ಗಂಟಲಿನಲ್ಲೇ ಒದ್ದಾಡುತ್ತಿದ್ದರಂತೆ. ಬೆರಳೆತ್ತಿದಾಗಲೆಲ್ಲ ಮಗ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದನಂತೆ.

ಬ್ಯಾಂಡಿನವರು ಹೊಸ ಕೋಟು ಹಾಕಿಕೊಂಡು ನಮ್ಮ ಬೀದಿಯಲ್ಲೇ ಒಮ್ಮೆ ನುಡಿಸಿ ನೋಡಿದರು. ತುತ್ತೂರಿಗಳು ಮೇಲೆದ್ದವು. ಜೊತೆಗೆ ಇಪ್ಪತ್ತೆರಡು ಕೋಟುಗಳೂ ಮೇಲೆದ್ದವು. ಇಪ್ಪತ್ತೆರಡು ಹೊಟ್ಟೆಗಳು ಬೀದಿಗೆ ಕಂಡವು. ಡೋಲಿನವನ ಕಿವಿಗಳು ಕಾಲರಿನೊಳಗೆ ಮಾಯವಾಗಿ ಅವನಿಗೆ ತಾಳವೇ ಕೇಳಿಸಲಿಲ್ಲ. ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಕ್ಕಳು, ನಕ್ಕು ನಕ್ಕು ಕೆಳಗೆ ಕೂತಳು. ಅವಳು ಹಾಗೆ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು.

ಮರುದಿನ ನಾಲ್ಕೂವರೆಗೆ ಸಣ್ಣ ಮಾಸ್ಟರ್ ಒಂದು ಕೆಂಪು ಕೋಟು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಕೋಣೆಯ ತುಂಬ ಮಕ್ಕಳು.

"ಅಕ್ಕ, ಹತ್ತು ದಿನದಲ್ಲಿ ಅವರಿಗೆ ಕಾರ್ಯಕ್ರಮ ಇದೆ. ಸರಿ ಮಾಡಿಕೊಡದಿದ್ರೆ ಅಂಗಡಿ ಮುಚ್ಬೇಕಾಗತ್ತೆ. ಎಲ್ಲಿ ಕೆಟ್ಟಿತು ಅಂತಾನೇ ತಿಳೀತಿಲ್ಲ. ನಿಮಗೆ ಗೊತ್ತು ಅಂತ ಎಲ್ಲರೂ ಹೇಳ್ತಾರೆ."

"ಹಾಕ್ಕೋ ಅದನ್ನ" ಎಂದಳು ಅಮ್ಮ.

ಹಾಕಿಕೊಂಡ.

"ಕೈ ಎತ್ತು. ಇನ್ನೂ ಮೇಲೆ."

ಕೋಟು ಕಿವಿಯವರೆಗೆ ಏರಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಐವತ್ತು ವರ್ಷದ ಗಂಡಸು ಕೈಯೆತ್ತಿಕೊಂಡು, ಕಣ್ಣು ಕೆಳಗೆ ಹಾಕಿ, ನಮ್ಮ ಮನೆಯ ಮಧ್ಯೆ ನಿಂತಿದ್ದ. ಅಮ್ಮ ಅವನಿಗೆ ಕೈ ಇಳಿಸು ಎನ್ನಲಿಲ್ಲ, ಗಡಿಯಾರ ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. "ಸಾಕು ಅಮ್ಮಾ" ಎಂದೆ. "ಸಾಕೋ ಬೇಕೋ ನಾನು ಹೇಳ್ತೀನಿ, ನೀನು ಸುಮ್ನಿರು" ಎಂದಳು. ಸುಮಾರು ಹೊತ್ತಾದ ಮೇಲೆ ಕೈ ಇಳಿಸಲು ಹೇಳಿದಳು.

"ಹೇಳಿಕೊಡ್ತೀನಿ. ಆದ್ರೆ ಇಲ್ಲಿ ಗುಟ್ಟಾಗಿ ಅಲ್ಲ. ನಿಮ್ಮ ಅಂಗಡೀಲಿ, ನಿಮ್ಮಪ್ಪನ ಎದುರಿಗೆ, ಈ ಮಕ್ಕಳೆಲ್ಲ ನೋಡ್ತಿರೋವಾಗ. ಆಮೇಲೆ ನೀನು ದಿನಾ ಬಂದು ಇವರ ಜೊತೆ ನೆಲದ ಮೇಲೆ ಕೂತು ಕಲೀಬೇಕು. ಮೊದ್ಲಿಂದ. ಒಪ್ಪಿಗೆನಾ?"

ಅವನು ಒಪ್ಪಿದ. ಬೇರೆ ದಾರಿ ಇರಲಿಲ್ಲ.

ಮರುದಿನ ಅಮ್ಮ ಹದಿನಾಲ್ಕು ಮಕ್ಕಳ ಹಿಂಡು ಕಟ್ಟಿಕೊಂಡು, ನಲವತ್ತನಾಲ್ಕು ವರ್ಷಗಳ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಮಾಸ್ಟರ್ ಗಾಲಿಕುರ್ಚಿಯಲ್ಲಿದ್ದರು. ಅಮ್ಮ ಅವರಿಗೆ ನಮಸ್ಕಾರವನ್ನೂ ಹೇಳಲಿಲ್ಲ. ಸ್ಟೂಲು ಎಳೆದು, ಅರವತ್ತಮೂರು ವರ್ಷದ ಮಂಡಿಗಳನ್ನು ಶಪಿಸುತ್ತ ಮೇಲೆ ಹತ್ತಿ, ಪರದೆಯನ್ನು ಕೊಂಡಿಗಳ ಸಮೇತ ಕಿತ್ತು ಕೆಳಗೆ ಹಾಕಿದಳು. ಧೂಳಿಗೆ ಮಕ್ಕಳು ಸೀನಿದರು. ಆಮೇಲೆ ಗೋಡೆಯ ರಟ್ಟು ಇಳಿಸಿ ಮೇಜಿನ ಮೇಲಿಟ್ಟು, ಕಂಕುಳ ಗೆರೆಯ ಮೇಲೆ ತನ್ನ ತೋರುಬೆರಳು ಅಡ್ಡ ಇಟ್ಟಳು.

"ನೋಡ್ರಪ್ಪ ಮಕ್ಕಳೇ. ಈ ಗೆರೆ ಸುಳ್ಳು. ನಿಜವಾದ ಗೆರೆ ಒಂದು ಬೆರಳು ಮೇಲಿದೆ. ಇಲ್ಲಿ. ಇವರು ಬೇಕೂಂತ ಹೀಗೆ ಕತ್ತರಿಸಿಟ್ಟಿದ್ದು. ನನ್ನ ಅಣ್ಣ ಇದಕ್ಕೇ ಬಲಿಯಾಗಿದ್ದು. ನಿಮಗೆಲ್ಲ ಕಾಣಿಸ್ತಾ? ನೀವೂ ನೋಡಿ ಮಾಸ್ಟರ್. ನಿಮ್ಮ ವಿದ್ಯೆ ನಿಮ್ಮ ಜೊತೆ ಹೋಗಲ್ಲ. ಹದಿನಾಲ್ಕು ಜನರ ಜೊತೆ ಇಲ್ಲೇ ಇರತ್ತೆ."

ಮಾಸ್ಟರ ಮುಖ ಕೆಂಪಾಯಿತು, ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಆದರೆ ಅವರನ್ನು ಮುರಿದದ್ದು ಅಮ್ಮನ ಮಾತಲ್ಲ. ಸಣ್ಣ ಮಾಸ್ಟರ್ ರಟ್ಟನ್ನು ನೋಡಿ, ಅಪ್ಪನನ್ನು ನೋಡಿ, ಮತ್ತೆ ರಟ್ಟನ್ನು ನೋಡಿ ಮೆಲ್ಲಗೆ ಕೇಳಿದ: "ನನಗೂ ಹೇಳಲಿಲ್ವಲ್ಲ ಅಪ್ಪಾ? ಮೂವತ್ತು ವರ್ಷ ಇಲ್ಲೇ ಇದ್ನಲ್ಲ. ನಾನೂ ಕದಿಯೋನು ಅಂದ್ಕೊಂಡ್ರಾ?"

ಮುದುಕರ ಕಣ್ಣಿನಿಂದ ನೀರು ಬಳಬಳನೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ನಾನು ಕರವಸ್ತ್ರ ತೆಗೆದೆ. "ಅಳಲಿ ಬಿಡು. ನಾನು ಅತ್ತಾಗ ಇವರು ಕರ್ಚೀಫ್ ಕೊಡಲಿಲ್ಲ" ಎಂದಳು ಅಮ್ಮ. ಆ ದಿನ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಕೆಟ್ಟ ಕೋಟುಗಳಿಗೆ ದಾರಿಯಿತ್ತು. ತೋಳು ಬಿಚ್ಚಿ, ಭುಜದ ಹೊಲಿಗೆ ಬಿಚ್ಚಿ, ಇಡೀ ಮೈಯನ್ನು ಒಂದು ಬೆರಳು ಮೇಲೆತ್ತಿ, ಮತ್ತೆ ತೋಳು ಕೂರಿಸಬೇಕು. ಇಪ್ಪತ್ತೆರಡು ಕೋಟು, ನಲವತ್ತನಾಲ್ಕು ತೋಳು. ಬಿಚ್ಚುವುದರಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ಸಣ್ಣ ಮಾಸ್ಟರ್ ಅವರ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು ಬಿಚ್ಚಿದ. ಒಂಬತ್ತು ವರ್ಷದ ಒಬ್ಬಳು ಅವನ ಪಕ್ಕದಲ್ಲೇ ಕೂರುತ್ತಿದ್ದಳು. ಬಾಯಿ ಸುಮ್ಮನಿರದ ಕಾರಣ ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಾರೆ. "ಅಂಕಲ್, ಎಳೀಬೇಡಿ, ಹರಿಯತ್ತೆ" ಎಂದು ಅವಳು ಅವನ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. ಸಣ್ಣ ಮಾಸ್ಟರ್ ತನ್ನ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿರಲಿಲ್ಲ, ಆದ್ದರಿಂದ ದಿನಾ ಗಾಲಿಕುರ್ಚಿ ತಳ್ಳಿಕೊಂಡೇ ಬರುತ್ತಿದ್ದ. "ಬರಲಿ, ಕೂತು ನೋಡಲಿ" ಎಂದಳು ಅಮ್ಮ. ಅವರ ಕುರ್ಚಿಯನ್ನು ಎಲ್ಲ ಚೆನ್ನಾಗಿ ಕಾಣುವ ಕಡೆಯೇ ಹಾಕಿಸಿದಳು, ಕರುಣೆಯಿಂದಲ್ಲ.

ಐದನೆಯ ದಿನ ತೋಳು ಕೂರಿಸುವುದಕ್ಕೆ ಬಂತು. ತೋಳಿನ ತಲೆ, ಅಂದರೆ ಭುಜಕ್ಕೆ ಸೇರುವ ಅಂಚು, ಯಾವಾಗಲೂ ಕಂಕುಳ ಸುತ್ತಿಗಿಂತ ಸ್ವಲ್ಪ ದೊಡ್ಡದು. ಆ ಹೆಚ್ಚಿನ ಬಟ್ಟೆ ಸುಕ್ಕು ಬೀಳದ ಹಾಗೆ ಒಳಗೆ ಸೇರಬೇಕು. ಅಮ್ಮನ ದಾರಿ ಎಂದರೆ ಎರಡು ಸಾಲು ಸಣ್ಣ ಹೊಲಿಗೆ ಹಾಕಿ ದಾರ ಎಳೆಯುವುದು. ಯೂನಿಫಾರ್ಮಿಗೆ ಅದು ನಡೆಯುತ್ತಿತ್ತು. ಈ ದಪ್ಪ ಕೆಂಪು ಬಟ್ಟೆಯಲ್ಲಿ ಸುಕ್ಕು ಮುಖಕ್ಕೆ ಹೊಡೆಯುತ್ತಿತ್ತು. ಅಮ್ಮ ಮೂರು ಸಲ ಬಿಚ್ಚಿದಳು, ನಾಲ್ಕನೆಯ ಸಲವೂ ಸುಕ್ಕು. ಐದೇ ದಿನ ಉಳಿದಿತ್ತು. ಅವಳ ಮೂಗಿನ ತುದಿಯಲ್ಲಿ ಬೆವರು ಬಂದಿತ್ತು.

ಟಕ್, ಟಕ್ ಎಂದು ಸದ್ದಾಯಿತು. ಮಾಸ್ಟರ್ ಎಡಗೈಯ ಉಂಗುರದಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಿದ್ದರು. ಪಟಾಕಿಯನ್ನು ಕಣ್ಣಿನಲ್ಲೇ ಕರೆದರು. ಅವಳು ತೋಳನ್ನೂ ಕೋಟಿನ ಮೈಯನ್ನೂ ಹಿಡಿದುಕೊಂಡು ಹೋದಳು. ಅವರು ತೋಳಿನ ಬಟ್ಟೆ ಮೇಲೆ ಬರುವ ಹಾಗೆ ಎರಡನ್ನೂ ತಮ್ಮ ಎಡಗೈ ಬೆರಳುಗಳ ಮೇಲೆ ಬಾಗಿಸಿ ಹೊದಿಸಿಕೊಂಡರು. ಬೆರಳು ಮಡಿಸಿದಂತೆ ಮೇಲಿನ ಬಟ್ಟೆ ತಾನಾಗಿಯೇ ಹರಡಿಕೊಂಡು ಹೆಚ್ಚಿನದೆಲ್ಲ ಆ ಬಾಗಿನಲ್ಲಿ ಅಡಗಿತು. ಅವರು ಸೂಜಿಯ ಕಡೆ ಗಲ್ಲ ತೋರಿಸಿದರು. ಪಟಾಕಿ ತನ್ನ ಬಲಗೈಯಿಂದ ಚುಚ್ಚಿದಳು. ಅವರು ಬೆರಳು ಮುಂದೆ ಜರುಗಿಸಿದರು, ಅವಳು ಮುಂದಿನ ಹೊಲಿಗೆ ಹಾಕಿದಳು. ಮುದುಕರ ಎಡಗೈ, ಹುಡುಗಿಯ ಬಲಗೈ ಸೇರಿ ಅರ್ಧ ಗಂಟೆಯಲ್ಲಿ ತೋಳು ಕೂತಿತು. ಒಂದು ಸುಕ್ಕೂ ಇರಲಿಲ್ಲ.

ತೋಳು ಕೂರಿಸುವುದನ್ನು ಮಾಸ್ಟರ್ ಎಂದೂ ಪರದೆಯ ಹಿಂದೆ ಮಾಡಿದವರಲ್ಲ. ಅಂಗಡಿಯ ಮುಂದೆಯೇ ಕೂತು ಮಾಡುತ್ತಿದ್ದರು, ಅಮ್ಮ ಎರಡು ವರ್ಷ ಪಕ್ಕದಲ್ಲೇ ಕೂತು ನೋಡಿದ್ದಳು. ನೋಡಿದ್ದು ಸೂಜಿ ಹಿಡಿದ ಬಲಗೈಯನ್ನು. ಏಳು ಕೋಟು ಬಿಚ್ಚಿದಾಗಲೂ ಅವಳಿಗೆ ಸಿಕ್ಕಿದ್ದು ದಾರ ಮಾತ್ರ, ಬಟ್ಟೆ ಹಿಡಿದ ಎಡಗೈ ಸಿಗಲಿಲ್ಲ.

"ಹಾಳು ಮುದುಕ" ಎಂದಳು ಅಮ್ಮ, ಎಲ್ಲರಿಗೂ ಕೇಳುವ ಹಾಗೆ. ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು, ಆಮೇಲೆ ಇನ್ನೊಂದು ಬಿತ್ತು. ಇವತ್ತು ಕುರ್ಚಿ ಸಮೇತ ಅವರನ್ನು ಬೀದಿಗೆ ತಳ್ಳುತ್ತಾಳೆ ಎಂದೇ ನಾನು ತಿಳಿದೆ.

ಅಮ್ಮ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು. ಮೂಲೆಯ ರಾಶಿಯಿಂದ ಒಂದು ತೋಳು, ಒಂದು ಮೈ ಎತ್ತಿಕೊಂಡಳು. ಬಂದು ಗಾಲಿಕುರ್ಚಿಯ ಎಡಗಡೆ, ಮಕ್ಕಳ ಮಧ್ಯೆ, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತಳು.

"ಕ್ಷಮಿಸಿಬಿಟ್ಳು ಅಂತ ತಿಳ್ಕೋಬೇಡಿ ಮಾಸ್ಟರ್. ನಾನು ಸಾಯೋವರೆಗೂ ಕ್ಷಮಿಸಲ್ಲ. ಇನ್ನೊಂದ್ಸಲ ಹಿಡೀರಿ."

ಮಾಸ್ಟರ್ ಕೈ ಚಾಚಿದರು. ಅಮ್ಮ ಕತ್ತು ಮುಂದೆ ಮಾಡಿ ನೋಡಿದಳು, ಆಮೇಲೆ ಮುಂದೆ ಕೂತಿದ್ದ ಪಟಾಕಿಯ ಭುಜ ತಟ್ಟಿದಳು.

"ನೀನು ಸ್ವಲ್ಪ ಆ ಕಡೆ ಸರಿ. ನನಗೆ ಕಾಣಿಸ್ತಿಲ್ಲ."